ಮಳೆ ಎಣಿಸುವ ಡಬ್ಬಿಗೆ ಬ್ಯಾಕಪ್: ಎರಡು ಸೆಲ್, ಒಂದು ಮಾಸ್ಫೆಟ್

ನಮ್ಮೂರಲ್ಲಿ ಮಳೆ ಜೋರಾದ ದಿನವೇ ಕರೆಂಟ್ ಇರುವುದಿಲ್ಲ. ಸಾಗರ ತಾಲ್ಲೂಕಿನ ಒಳಗಿನ ಹಳ್ಳಿ ನಮ್ಮದು. ಆಷಾಢದ ಗಾಳಿ ಶುರುವಾದರೆ ಎಲ್ಲೋ ಲೈನ್ ಮೇಲೆ ಮರ ಬಿತ್ತು ಅಂತಲೇ ಲೆಕ್ಕ. ಒಮ್ಮೊಮ್ಮೆ ನಾಲ್ಕೈದು ದಿನ ಕತ್ತಲೆ. ಈ ಊರಿನಲ್ಲಿ ಮಳೆ ಅಳೆಯುವ ಎಲೆಕ್ಟ್ರಾನಿಕ್ ಡಬ್ಬಿ ಮಾಡಲು ಹೊರಟವನಿಗೆ ಮೊದಲ ಪ್ರಶ್ನೆ ಸೆನ್ಸರ್ ಅಲ್ಲ, ಬ್ಯಾಕಪ್. ಇದು ನನಗೆ ಗೊತ್ತಾಗಲು ಎರಡು ಮಳೆಗಾಲ ಬೇಕಾಯಿತು.

ಅಪ್ಪ ದಿನಾ ಬೆಳಿಗ್ಗೆ ಎಂಟೂವರೆಗೆ ಅಂಗಳದ ಮಳೆಮಾಪಕ ನೋಡಿ ಡೈರಿಯಲ್ಲಿ ಬರೆಯುತ್ತಾರೆ. ಹವಾಮಾನ ಇಲಾಖೆಯ ಮಳೆ ಲೆಕ್ಕವೂ 8.30ರಿಂದ ಮರುದಿನ 8.30ಕ್ಕೆ. ಆದರೆ ರಾತ್ರಿ ಎಷ್ಟು ಗಂಟೆಗೆ ಎಷ್ಟು ಸುರಿಯಿತು ಅನ್ನುವುದು ಆ ಗಾಜಿನ ಅಳತೆಯಲ್ಲಿ ಸಿಗುವುದಿಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಸಿದ ಮೇಲೆ ಮಳೆ ಎಷ್ಟು ಗಂಟೆ ಬಿಡುವು ಕೊಟ್ಟಿತು ಅಂತ ತಿಳಿಯುವ ಆಸೆ ಅವರಿಗೆ. ಹಾಗಾಗಿ ನಾನು ತೊಟ್ಟಿಲು ಮಾದರಿಯ ಮಾಪಕ ತರಿಸಿದೆ. 0.2 ಮಿಲಿಮೀಟರ್ ಮಳೆ ತುಂಬಿದರೆ ಒಳಗಿನ ಪುಟ್ಟ ತೊಟ್ಟಿಲು ಮಗುಚುತ್ತದೆ. ಅದರಲ್ಲಿರುವ ಆಯಸ್ಕಾಂತ ರೀಡ್ ಸ್ವಿಚ್ಚನ್ನು ಕ್ಷಣ ಮುಚ್ಚಿ ತೆಗೆಯುತ್ತದೆ. ಎಣಿಸಿದರೆ ಸಾಕು. ಸುಲಭ ಅಲ್ವಾ?

ಮೊದಲ ವರ್ಷ ಆರ್ಡುಯಿನೊ ಊನೊ ಬೋರ್ಡಿಗೆ ಪವರ್ ಬ್ಯಾಂಕ್ ಸಿಕ್ಕಿಸಿದೆ. ಪವರ್ ಬ್ಯಾಂಕ್ ಮೊಬೈಲಿಗಾಗಿ ಹುಟ್ಟಿದ್ದು. ಎಳೆಯುವ ಕರೆಂಟ್ ತೀರಾ ಕಮ್ಮಿಯಾದರೆ ಮೊಬೈಲ್ ತುಂಬಿತು ಅಂದುಕೊಂಡು ತಾನೇ ಆಫ್ ಆಗುತ್ತದೆ. ನನ್ನದು ಕೆಲವು ನಿಮಿಷಕ್ಕೆ ಮಲಗಿತು. ಎರಡನೆಯ ವರ್ಷ ಒಂದು 18650 ಲಿಥಿಯಂ ಸೆಲ್, ಒಂದು ಟಿಪಿ4056 ಚಾರ್ಜಿಂಗ್ ಮಾಡ್ಯೂಲ್. ಊನೊ ಬೋರ್ಡ್ ಏನೂ ಮಾಡದೆ ಕೂತರೂ 45ರಿಂದ 50 ಮಿಲಿಆಂಪ್ ತಿನ್ನುತ್ತದೆ. 2000 ಮಿಲಿಆಂಪ್‌ಅವರ್ ಸೆಲ್ಲನ್ನು 45ರಿಂದ ಭಾಗಿಸಿ: 44 ಗಂಟೆ. ನಮ್ಮೂರ ಕತ್ತಲೆ ನಾಲ್ಕು ದಿನ. ಮೂರನೆಯ ದಿನ ಸುರಿದ ದೊಡ್ಡ ಮಳೆ ಲೆಕ್ಕಕ್ಕೆ ಬರಲೇ ಇಲ್ಲ. ಅಪ್ಪನ ಡೈರಿಯಲ್ಲಿ ಮಾತ್ರ ಇದೆ.

ಈಗಿರುವುದು ಮೂರನೆಯ ಡಬ್ಬಿ. ಇದರಲ್ಲಿ ಚಾರ್ಜ್ ಮಾಡುವ ಬ್ಯಾಟರಿಯೇ ಇಲ್ಲ. ಹೇಗೆ ಅಂತ ಹೇಳುತ್ತೇನೆ.

ಬದುಕಿ ಉಳಿಯಬೇಕಾದ್ದು ಯಾವುದು?

ಬ್ಯಾಟರಿ ಕೊಳ್ಳುವ ಮೊದಲು ಇದನ್ನು ಕೇಳಿಕೊಳ್ಳಿ. ಕರೆಂಟ್ ಹೋದಾಗ ನಿಮ್ಮ ಸರ್ಕ್ಯೂಟಿನಲ್ಲಿ ಯಾವುದು ಸಾಯಬಾರದು? ಕೊನೆಯ ಲೆಕ್ಕವೋ, ಗಡಿಯಾರವೋ, ಅಥವಾ ಕೆಲಸವೇ ನಿಲ್ಲಬಾರದೋ? ಒಂದೊಂದಕ್ಕೂ ಔಷಧಿ ಬೇರೆ.

ಬರೀ ಲೆಕ್ಕ ಉಳಿದರೆ ಸಾಕಾದರೆ ಬ್ಯಾಟರಿ ಬೇಕಿಲ್ಲ. ಒಂದು 1000 ಮೈಕ್ರೊಫ್ಯಾರಡ್ ಕೆಪಾಸಿಟರ್ ಸಾಕು. ಕರೆಂಟ್ ಹೋಯಿತು ಅಂತ ಚಿಪ್ಪಿಗೆ ತಕ್ಷಣ ಗೊತ್ತಾಗಬೇಕು, ಉಳಿದ ಕ್ಷಣದಲ್ಲಿ ಅದು ಈಪ್ರಾಮ್‌ಗೆ (ಕರೆಂಟ್ ಹೋದರೂ ಮರೆಯದ ನೆನಪಿಗೆ) ಬರೆದುಕೊಳ್ಳಬೇಕು, ಅಷ್ಟೆ. ಲೆಕ್ಕ ಹಾಕಿ: ಸಿಗುವ ಸಮಯ ಅಂದರೆ ಕೆಪಾಸಿಟರ್ ಬೆಲೆ ಗುಣಿಸು ಇಳಿಯುವ ವೋಲ್ಟ್, ಭಾಗಿಸು ಕರೆಂಟ್. 5 ಮಿಲಿಆಂಪ್ ಎಳೆಯುವ ಚಿಪ್, 2 ವೋಲ್ಟ್ ಇಳಿಯಲು ಅವಕಾಶ ಇದ್ದರೆ 0.4 ಸೆಕೆಂಡ್. ಊನೊ ಬೋರ್ಡಿನ ಮಿದುಳಾದ ಎಟಿಮೆಗಾ328ಪಿ ಚಿಪ್ಪಿಗೆ ಈಪ್ರಾಮ್‌ನ ಒಂದು ಬೈಟ್ ಬರೆಯಲು 3.3 ಮಿಲಿಸೆಕೆಂಡ್. ಹದಿನಾರು ಬೈಟಿಗೆ 53. ಏಳೂವರೆ ಪಟ್ಟು ಸಮಯ ಇದೆ. ಪಂಪ್‌ಸೆಟ್‌ಗೆ ತ್ರೀ ಫೇಸ್ ಯಾವಾಗ ಬಂತು, ಯಾವಾಗ ಹೋಯಿತು ಅಂತ ಬರೆದಿಡುವ ಇನ್ನೊಂದು ಡಬ್ಬಿ ನಮ್ಮ ಪಂಪ್ ಮನೆಯಲ್ಲಿದೆ. ಅದು ಹೀಗೇ ನಡೆಯುತ್ತದೆ. ಹೋಗುವಾಗ ಸಮಯ ಬರೆದು ಸಾಯುತ್ತದೆ, ಬಂದಾಗ ಎದ್ದು ಮತ್ತೆ ಸಮಯ ಬರೆಯುತ್ತದೆ. ನಡುವೆ ಬದುಕಿರುವ ಅಗತ್ಯವೇ ಇಲ್ಲ.

ಗಡಿಯಾರ ಮಾತ್ರ ಉಳಿಯಬೇಕಾದರೆ ಡಿಎಸ್3231 ಮಾಡ್ಯೂಲ್, ಒಂದು ಸಿಆರ್2032 ನಾಣ್ಯ ಸೆಲ್. ಗಡಿಯಾರದ ಚಿಪ್ ಸೆಲ್ಲಿನಿಂದ ಎಳೆಯುವುದು ಹೆಚ್ಚೆಂದರೆ 3 ಮೈಕ್ರೊಆಂಪ್. ಸೆಲ್ಲಿನಲ್ಲಿ ಸುಮಾರು 220 ಮಿಲಿಆಂಪ್‌ಅವರ್ ಇರುತ್ತದೆ. ಲೆಕ್ಕದಲ್ಲಿ ಎಂಟು ವರ್ಷ. ಒಂದು ಎಚ್ಚರಿಕೆ: ಅಗ್ಗದ ನೀಲಿ ಮಾಡ್ಯೂಲುಗಳಲ್ಲಿ ನಾಣ್ಯ ಸೆಲ್ಲಿಗೆ ಚಾರ್ಜ್ ಕೊಡುವ ಒಂದು ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ), ಒಂದು 200 ಓಮ್ ರೆಸಿಸ್ಟರ್ ಇರುತ್ತವೆ. ಅದು ಚಾರ್ಜ್ ಆಗುವ ಎಲ್‌ಐಆರ್2032ಗಾಗಿ ಇಟ್ಟಿದ್ದು. ಸಿಆರ್2032 ಚಾರ್ಜ್ ಮಾಡುವ ಸೆಲ್ ಅಲ್ಲ, ಮಾಡಿದರೆ ಉಬ್ಬುತ್ತದೆ, ಸೋರುತ್ತದೆ. ಆ ರೆಸಿಸ್ಟರನ್ನು ಸೋಲ್ಡರ್ ಕಡ್ಡಿಯಿಂದ ಕಿತ್ತುಹಾಕಿ. ಪಕ್ಕದ ಕೆಂಪು ಎಲ್‌ಇಡಿಯನ್ನೂ ಕಿತ್ತುಬಿಡಿ, ಅದರಿಂದ ಯಾರಿಗೂ ಉಪಯೋಗ ಇಲ್ಲ.

ಮಳೆ ಡಬ್ಬಿ ಮೂರನೆಯ ಗುಂಪು. ಕರೆಂಟ್ ಇಲ್ಲದಾಗಲೇ ಇದರ ಕೆಲಸ ಜಾಸ್ತಿ. ಆದರೂ ಎಲ್ಲ ಭಾಗವೂ ಎಚ್ಚರ ಇರಬೇಕಿಲ್ಲ. ಎಲ್‌ಸಿಡಿ ಯಾಕೆ ಬೇಕು? ಕತ್ತಲೆಯಲ್ಲಿ ಅಟ್ಟದ ಕೆಳಗಿನ ಡಬ್ಬಿಯನ್ನು ಯಾರೂ ನೋಡುವುದಿಲ್ಲ. ತೊಟ್ಟಿಲು ಮಗುಚಿದರೆ ಎದ್ದು ಒಂದು ಕೂಡಿ ಮಲಗಿದರೆ ಸಾಕು.

ಎಷ್ಟು ತಿನ್ನುತ್ತದೆ ಅಂತ ಅಳೆಯಿರಿ

ಊನೊ ಬೋರ್ಡನ್ನು ಬಿಟ್ಟು ಅದರ ಚಿಪ್ಪನ್ನು ಮಾತ್ರ ತೆಗೆದುಕೊಂಡೆ. ಬೋರ್ಡಿನ ಯುಎಸ್‌ಬಿ ಚಿಪ್, ರೆಗ್ಯುಲೇಟರ್, ಎಲ್‌ಇಡಿಗಳೇ ಹೆಚ್ಚು ತಿನ್ನುತ್ತಿದ್ದವು. ಎಟಿಮೆಗಾ328ಪಿ ಒಂದೇ ಆದರೆ ಗಾಢ ನಿದ್ರೆಯಲ್ಲಿ, ವಾಚ್‌ಡಾಗ್ (ಚಿಪ್ ಸಿಕ್ಕಿಕೊಂಡರೆ ಎಬ್ಬಿಸುವ ಒಳಗಿನ ಟೈಮರ್) ಆಫ್ ಮಾಡಿದಾಗ, ಒಂದು ಮೈಕ್ರೊಆಂಪ್‌ಗಿಂತ ಕಮ್ಮಿ. ಚಿಪ್ಪಿನ ವೇಗ ಹಿಡಿದಿಡುವ ಹೊರಗಿನ ಕ್ರಿಸ್ಟಲ್ ಬೇಡ. ಒಳಗಿನ ಗಡಿಯಾರವನ್ನೇ 1 ಮೆಗಾಹರ್ಟ್ಸ್‌ಗೆ ಇಳಿಸಿ. ಮಳೆ ಎಣಿಸಲು ವೇಗ ಯಾಕೆ? ಆ ವೇಗದಲ್ಲಿ ಚಿಪ್ 1.8 ವೋಲ್ಟ್‌ವರೆಗೂ ನಡೆಯುತ್ತದೆ. ಇದು ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ.

ಅಳೆಯುವಾಗ ಮಲ್ಟಿಮೀಟರಿನ ಮೈಕ್ರೊಆಂಪ್ ರೇಂಜನ್ನು ನೇರವಾಗಿ ಸೇರಿಸಬೇಡಿ. ಆ ರೇಂಜಿನಲ್ಲಿ ಮೀಟರೇ ಒಂದು ರೆಸಿಸ್ಟರ್. ಚಿಪ್ ಎಚ್ಚರವಾದಾಗ ಮಿಲಿಆಂಪ್ ಎಳೆಯುತ್ತದೆ, ಮೀಟರಿನಲ್ಲೇ ವೋಲ್ಟ್ ಬಿದ್ದುಹೋಗಿ ಚಿಪ್ ರೀಸೆಟ್ ಆಗುತ್ತದೆ. ನಾನು ಒಂದು ಸಂಜೆ ಪೂರ್ತಿ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿದ್ದೆ, ತಪ್ಪು ಮೀಟರಿನದು. ಬದಲಿಗೆ ಪ್ಲಸ್ ತಂತಿಯಲ್ಲಿ ಒಂದು 100 ಓಮ್ ರೆಸಿಸ್ಟರ್ ಇಡಿ. ಅದರ ಎರಡು ತುದಿಯ ನಡುವೆ ಮಿಲಿವೋಲ್ಟ್ ನೋಡಿ. ಒಂದು ಮಿಲಿವೋಲ್ಟ್ ಅಂದರೆ 10 ಮೈಕ್ರೊಆಂಪ್. ಇದರಲ್ಲೂ ಅದೇ 1000 ಮೈಕ್ರೊಫ್ಯಾರಡ್ ಕೆಪಾಸಿಟರ್ ಇದೆ; ಅದು ರೆಸಿಸ್ಟರಿನ ಚಿಪ್ ಕಡೆ ಇರಲಿ, ಎಚ್ಚರವಾದ ಕ್ಷಣದ ಎಳೆತವನ್ನು ಅದು ನೋಡಿಕೊಳ್ಳುತ್ತದೆ.

ನನ್ನ ಡಬ್ಬಿ ಮಲಗಿದಾಗ 6 ಮೈಕ್ರೊಆಂಪ್ ತೋರಿಸಿತು. ಅದರಲ್ಲಿ ಚಿಪ್ಪಿನ ಪಾಲು ಕಮ್ಮಿ. ಹೆಚ್ಚಿನದು 1000 ಮೈಕ್ರೊಫ್ಯಾರಡ್ ಕೆಪಾಸಿಟರ್ ತಾನೇ ಸೋರುವುದು. ಹೊಸ ಕೆಪಾಸಿಟರ್ ಮೊದಲು ಜಾಸ್ತಿ ಸೋರುತ್ತದೆ, ವೋಲ್ಟ್ ಕೊಟ್ಟು ಒಂದು ದಿನ ಬಿಟ್ಟರೆ ಇಳಿಯುತ್ತದೆ. ಅಳತೆಗೆ ಆತುರ ಪಡಬೇಡಿ.

ಈಗ ಗಣಿತ ಮಾಡಿ. ಸುಮ್ನೆ 10 ಮೈಕ್ರೊಆಂಪ್ ಅಂತ ಹಿಡಿಯೋಣ. ಒಂದು ಆಲ್ಕಲೈನ್ ಎಎ ಸೆಲ್ ಇಂಥ ಚಿಕ್ಕ ಎಳೆತದಲ್ಲಿ 2000 ಮಿಲಿಆಂಪ್‌ಅವರ್ ಆದರೂ ಕೊಡುತ್ತದೆ. ಭಾಗಿಸಿದರೆ ಎರಡು ಲಕ್ಷ ಗಂಟೆ, ಅಂದರೆ ಇಪ್ಪತ್ತೆರಡು ವರ್ಷ! ಅಷ್ಟರೊಳಗೆ ಸೆಲ್ ತಾನಾಗಿಯೇ ಹಳತಾಗಿ ಸತ್ತಿರುತ್ತದೆ. ಈ ಸಂಖ್ಯೆ ನೋಡಿದ ಮೇಲೆ ಲಿಥಿಯಂ ಸೆಲ್, ಅದರ ಚಾರ್ಜಿಂಗ್ ಮಾಡ್ಯೂಲ್, ರಕ್ಷಣೆಯ ಚಿಪ್ ಎಲ್ಲವನ್ನೂ ಡ್ರಾಯರಿಗೆ ಹಾಕಿದೆ. ಪೆಟ್ಟಿಗೆ ಅಂಗಡಿಯಲ್ಲೂ ಸಿಗುವ ಎರಡು ಎಎ ಸೆಲ್, ಒಂದರ ಹಿಂದೊಂದು ಸೇರಿಸಿ 3 ವೋಲ್ಟ್, ಸಾಕು.

ಸೂಪರ್ ಕೆಪಾಸಿಟರ್ ಹಾಕಬಹುದಲ್ಲ ಅಂತ ಕೇಳುವವರು ಇದ್ದಾರೆ. 1 ಫ್ಯಾರಡ್‌ನದು 4.3ರಿಂದ 2 ವೋಲ್ಟ್‌ಗೆ ಇಳಿಯಲು, 10 ಮೈಕ್ರೊಆಂಪ್‌ನಲ್ಲಿ, ಎರಡೂವರೆ ದಿನ. ಅದೂ ಸೋರಿಕೆ ಲೆಕ್ಕಕ್ಕೆ ಹಿಡಿಯದೆ. ಪಟ್ಟಣದ ಅರ್ಧ ಗಂಟೆ ಕರೆಂಟ್ ಕಟ್‌ಗೆ ಅದು ಚೆನ್ನ. ನಮಗಲ್ಲ.

ಬದಲಾಯಿಸುವ ಜಾಗ

ಎಲ್ಲರೂ ಎಡವುವುದು ಇಲ್ಲಿ. ಕರೆಂಟ್ ಇದ್ದಾಗ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ 5 ವೋಲ್ಟ್ ಚಾರ್ಜರಿನಿಂದ, ಇಲ್ಲದಾಗ ಸೆಲ್ಲಿನಿಂದ, ನಡುವೆ ಚಿಪ್ಪಿಗೆ ಗೊತ್ತೇ ಆಗಬಾರದು. ಚಾರ್ಜರಿನ ವೋಲ್ಟ್ ಸೆಲ್ಲಿನೊಳಗೆ ನುಗ್ಗಲೂಬಾರದು.

ಸುಲಭದ ದಾರಿ ಎರಡು ಡಯೋಡ್. ಯಾವುದರ ವೋಲ್ಟ್ ಜಾಸ್ತಿಯೋ ಅದು ಗೆಲ್ಲುತ್ತದೆ. ಎಲ್ಲ ಕಡೆ ಶಾಟ್ಕಿ ಡಯೋಡ್ ಹಾಕಿ ಅಂತ ಬರೆದಿರುತ್ತಾರೆ, ಅದರಲ್ಲಿ ವೋಲ್ಟ್ ಕಮ್ಮಿ ಬೀಳುತ್ತದಲ್ಲ. ಆದರೆ 1ಎನ್5819 ಥರದ ಶಾಟ್ಕಿ ಹಿಮ್ಮುಖವಾಗಿ ಸೋರುತ್ತದೆ, ಬಿಸಿಯಾದಷ್ಟೂ ಜಾಸ್ತಿ. ಇಡೀ ಡಬ್ಬಿಯೇ 6 ಮೈಕ್ರೊಆಂಪ್‌ನಲ್ಲಿ ಬದುಕುವಾಗ ಡಯೋಡ್ ಒಂದೇ ಹತ್ತು ಮೈಕ್ರೊಆಂಪ್ ಸೋರಿದರೆ ಏನು ಬಂತು? ಸೆಲ್ಲಿನ ಕಡೆಯ ಡಯೋಡ್ ಸೋರಿದರೆ ಇನ್ನೂ ಕೆಟ್ಟದ್ದು. ಚಾರ್ಜ್ ಮಾಡಬಾರದ ಸೆಲ್ಲಿಗೆ ತಿಂಗಳುಗಟ್ಟಲೆ ಸಣ್ಣಗೆ ಚಾರ್ಜ್ ಹೋಗುತ್ತಲೇ ಇರುತ್ತದೆ.

ನಾನು ಮಾಡಿದ್ದು ಹೀಗೆ. ಚಾರ್ಜರಿನ 5 ವೋಲ್ಟ್ ಒಂದು ಸಾಧಾರಣ 1ಎನ್4007 ಮೂಲಕ ಚಿಪ್ಪಿನ ಪ್ಲಸ್ ತಂತಿಗೆ. ಹೆಚ್ಚೆಂದರೆ 0.7 ವೋಲ್ಟ್ ಬಿದ್ದು 4.3 ಆದರೂ ಉಳಿಯುತ್ತದೆ. ಬೀಳಲಿ ಬಿಡಿ, 1.8ರಲ್ಲೂ ನಡೆಯುವ ಚಿಪ್ಪಿಗೆ 4.3 ಹಬ್ಬದೂಟ. ಈ ಡಯೋಡ್ ಹಿಂದಕ್ಕೆ ಸೋರುವುದು ಲೆಕ್ಕಕ್ಕೇ ಇಲ್ಲ. ಸೆಲ್ಲಿನ ಕಡೆ ಡಯೋಡ್ ಬದಲು ಒಂದು ಪಿ ಚಾನೆಲ್ ಮಾಸ್ಫೆಟ್ (ಗೇಟ್ ಅನ್ನುವ ಕಾಲಿನ ವೋಲ್ಟ್ ನೋಡಿ ಕರೆಂಟಿನ ದಾರಿ ತೆರೆದು ಮುಚ್ಚುವ ಸ್ವಿಚ್), ಎಒ3401. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುತ್ತದೆ. ಅಕ್ಕಿಕಾಳಿನಷ್ಟು ಚಿಕ್ಕದು, ಸೋಲ್ಡರ್ ಮಾಡುವಾಗ ಉಸಿರು ಬಿಡಬೇಡಿ. ಅದಕ್ಕೆ ಮೂರು ಕಾಲು: ಡ್ರೇನ್ ಸೆಲ್ಲಿನ ಪ್ಲಸ್‌ಗೆ, ಸೋರ್ಸ್ ಚಿಪ್ಪಿನ ಪ್ಲಸ್ ತಂತಿಗೆ, ಗೇಟ್ ಚಾರ್ಜರಿನ 5 ವೋಲ್ಟ್‌ಗೆ.

ಚಾರ್ಜರ್ ಇದ್ದಾಗ ಗೇಟಿನಲ್ಲಿ 5, ಸೋರ್ಸಿನಲ್ಲಿ 4.3. ಮಾಸ್ಫೆಟ್ ದಾರಿ ಮುಚ್ಚಿರುತ್ತದೆ, ಸೆಲ್ಲಿನಿಂದ ಏನೂ ಹರಿಯುವುದಿಲ್ಲ. ಚಾರ್ಜರ್ ಸತ್ತಾಗ ಗೇಟ್ ಸೊನ್ನೆಗೆ ಇಳಿಯುತ್ತದೆ, ಮಾಸ್ಫೆಟ್ ತೆರೆಯುತ್ತದೆ, ಸೆಲ್ಲಿನ 3 ವೋಲ್ಟ್ ಒಂದಿಷ್ಟೂ ಬೀಳದೆ ಚಿಪ್ಪಿಗೆ ತಲುಪುತ್ತದೆ. ಗೇಟ್ ಇಳಿಯುವುದು ತಡವಾದರೂ ಮಾಸ್ಫೆಟ್ಟಿನ ಒಳಗೆ ಹುಟ್ಟಿನಿಂದಲೇ ಇರುವ ಡಯೋಡ್ ಅಲ್ಲಿವರೆಗೆ ಕೈಹಿಡಿಯುತ್ತದೆ.

ಡ್ರೇನ್ ಮತ್ತು ಸೋರ್ಸ್ ಅದಲುಬದಲು ಮಾಡಿದರೆ ಅದೇ ಡಯೋಡ್ ಶತ್ರು. ಚಾರ್ಜರಿನಿಂದ ಸೆಲ್ಲಿಗೆ ದಾರಿ ತೆರೆದಿರುತ್ತದೆ. ನಾನು ಒಮ್ಮೆ ಹಾಗೆ ಮಾಡಿದೆ. ಸರ್ಕ್ಯೂಟ್ ಚೆನ್ನಾಗಿಯೇ ನಡೆಯುತ್ತಿತ್ತು! ಊಟ ಮುಗಿಸಿ ಬಂದು ಸೆಲ್ ಮುಟ್ಟಿದೆ, ಬೆಚ್ಚಗಿತ್ತು. ನಡೆಯುತ್ತಿದೆ ಅಂದ ಮಾತ್ರಕ್ಕೆ ಸರಿ ಇದೆ ಅಂತ ಅಲ್ಲ. ಚಾರ್ಜರ್ ಹಾಕಿ, ಸೆಲ್ ತೆಗೆದು, ಸೆಲ್ಲಿನ ಜಾಗದಲ್ಲಿ ಒಂದು 10 ಕಿಲೋಓಮ್ ರೆಸಿಸ್ಟರ್ ಇಟ್ಟು ವೋಲ್ಟ್ ನೋಡಿ. ಸೊನ್ನೆ ಬರಬೇಕು.

ಲೆಕ್ಕ ಬಲ್ಲವರು ಒಂದು ಪ್ರಶ್ನೆ ಎತ್ತಬಹುದು. ಕರೆಂಟ್ ಹೋದ ಕ್ಷಣ 4.3ರಲ್ಲಿರುವ ಕೆಪಾಸಿಟರ್ 3ರ ಸೆಲ್ಲಿಗೆ ಹಿಂದಕ್ಕೆ ಸುರಿಯುವುದಿಲ್ಲವೇ? ಸುರಿಯುತ್ತದೆ. 1.3 ಮಿಲಿಕೂಲಂಬ್. ಸೆಲ್ಲಿಗೆ ಅದು ಸೊಳ್ಳೆ ಕಡಿದ ಹಾಗೆ.

ಚಾರ್ಜರಿನ ಪ್ಲಸ್‌ನಿಂದ ನೆಲಕ್ಕೆ (ಅಂದರೆ ಮೈನಸ್ ತಂತಿಗೆ) ಒಂದು 10 ಕಿಲೋಓಮ್ ರೆಸಿಸ್ಟರ್ ಮರೆಯಬೇಡಿ. ಅದಿಲ್ಲದಿದ್ದರೆ ಗೇಟ್ ಇಳಿಯದೆ ನಡುವೆಯೇ ತೂಗಾಡುತ್ತದೆ. ಚಿಪ್ಪಿಗೆ ಸುದ್ದಿ ಮುಟ್ಟಿಸಲು ಅಲ್ಲಿಂದಲೇ 47 ಕಿಲೋಓಮ್ ಮೂಲಕ ಒಂದು ಪಿನ್‌ಗೆ, ಆ ಪಿನ್‌ನಿಂದ ನೆಲಕ್ಕೆ 100 ಕಿಲೋಓಮ್. ಚಾರ್ಜರ್ ಇದ್ದಾಗ ಪಿನ್‌ನಲ್ಲಿ 3.4 ವೋಲ್ಟ್. 4.3ರಲ್ಲಿ ನಡೆಯುವ ಚಿಪ್ಪಿಗೆ 2.6ರ ಮೇಲೆ ಇದ್ದರೆ ಒಂದು (ಅಂದರೆ ಕರೆಂಟ್ ಇದೆ) ಅಂತಲೇ ಅರ್ಥ. ಎರಡೂ 100 ಕಿಲೋಓಮ್ ಹಾಕಿದರೆ 2.5 ಬರುತ್ತದೆ, ಒಮ್ಮೆ ಇದೆ ಅನ್ನುತ್ತದೆ, ಒಮ್ಮೆ ಇಲ್ಲ ಅನ್ನುತ್ತದೆ. ಸುದ್ದಿಯನ್ನು ಡಯೋಡಿನ ಮುಂಚಿನ ಜಾಗದಿಂದಲೇ ತೆಗೆದುಕೊಳ್ಳಬೇಕು. ದಾಟಿದ ಮೇಲೆ ತೆಗೆದರೆ ಕೆಪಾಸಿಟರ್ ಮತ್ತು ಸೆಲ್ ಸೇರಿ ಸುಳ್ಳು ಹೇಳುತ್ತವೆ.

ದೆವ್ವದ ಅಕ್ಷರ

ಎಲ್‌ಸಿಡಿಯನ್ನು ಚಾರ್ಜರಿನ ಕಡೆಗೇ ಕಟ್ಟಿದೆ. ಕರೆಂಟ್ ಇದ್ದಾಗ ಮಾತ್ರ ಉರಿಯಲಿ ಅಂತ. ಪ್ಲಗ್ ಕಿತ್ತೆ. ಹಿಂದಿನ ಬೆಳಕು ಆರಿತು. ಟಾರ್ಚ್ ಹಾಕಿ ನೋಡಿದರೆ ತೆರೆಯ ಮೇಲೆ ಮಸುಕಾಗಿ ಅಕ್ಷರಗಳು! ಪವರ್ ಇಲ್ಲದ ಎಲ್‌ಸಿಡಿಯಲ್ಲಿ.

ಚಿಪ್ಪಿನ ಪಿನ್‌ಗಳು ಒಂದು ಅಂತ ಮೇಲೆ ನಿಂತಿದ್ದವು. ಆ ವೋಲ್ಟ್ ಎಲ್‌ಸಿಡಿಯ ಡೇಟಾ ತಂತಿಯಿಂದ ಒಳಗೆ ಹೋಗಿ, ಅದರ ರಕ್ಷಣಾ ಡಯೋಡ್ ಮೂಲಕ ಅದರ ಪ್ಲಸ್ ತಂತಿಗೆ ಬಂದು, ಹಿಂಬಾಗಿಲಿನಿಂದ ಎಲ್‌ಸಿಡಿಗೆ ಊಟ ಹಾಕುತ್ತಿತ್ತು. ಅಷ್ಟೇ ಆಗಿದ್ದರೆ ಸೆಲ್ ಬೇಗ ಮುಗಿಯುತ್ತಿತ್ತು, ಅಷ್ಟೆ. ಆದರೆ ಆ ತಂತಿ ಚಾರ್ಜರಿನ ತಂತಿಯೂ ಹೌದು. ಗೇಟೂ ಅಲ್ಲೇ ಇದೆ. ಗೇಟ್ ಮೇಲೆದ್ದು ಮಾಸ್ಫೆಟ್ ಅರೆಬರೆ ಮುಚ್ಚಿತು, ಕರೆಂಟ್ ಇದೆ ಅಂತ ಚಿಪ್ಪಿಗೂ ಸುಳ್ಳು ಸುದ್ದಿ ಹೋಯಿತು. ಪರಿಹಾರ ಪ್ರೋಗ್ರಾಮಿನಲ್ಲಿ: ಕರೆಂಟ್ ಹೋದ ತಕ್ಷಣ ಎಲ್‌ಸಿಡಿಗೆ ಹೋಗುವ ಎಲ್ಲ ಪಿನ್‌ಗಳನ್ನೂ ಸೊನ್ನೆಗೆ ಇಳಿಸಿ, ಆಮೇಲೆ ಮಲಗಿ. ಕರೆಂಟ್ ಬಂದಾಗ ಎಲ್‌ಸಿಡಿಯನ್ನು ಮೊದಲಿನಿಂದ ಎಬ್ಬಿಸಿ. ಯಾವುದೇ ಸರ್ಕ್ಯೂಟಿನಲ್ಲಿ ಅರ್ಧ ಭಾಗಕ್ಕೆ ಮಾತ್ರ ಬ್ಯಾಕಪ್ ಕೊಟ್ಟರೆ ಎರಡರ ನಡುವಿನ ಪ್ರತಿ ತಂತಿಯನ್ನೂ ಹೀಗೆ ಅನುಮಾನದಿಂದ ನೋಡಬೇಕು.

ಗಡಿಯಾರದ ಮಾಡ್ಯೂಲನ್ನು ಇನ್ನೊಂದು ರೀತಿ ಪಳಗಿಸಿದೆ. ಅದರ ಪ್ಲಸ್ಸನ್ನು ಚಿಪ್ಪಿನ ಒಂದು ಪಿನ್‌ಗೇ ಕಟ್ಟಿದೆ. ತೊಟ್ಟಿಲು ಮಗುಚಿದಾಗ ಆ ಪಿನ್ ಎತ್ತಿ, ಸಮಯ ಓದಿ, ಇಳಿಸುವುದು. ಉಳಿದ ಹೊತ್ತು ಗಡಿಯಾರ ತನ್ನ ನಾಣ್ಯ ಸೆಲ್ಲಿನಲ್ಲಿ ನಡೆಯುತ್ತದೆ. ಇಳಿಸುವಾಗ ಎರಡು ಡೇಟಾ ಪಿನ್‌ಗಳನ್ನೂ ಇಳಿಸಬೇಕು, ಇಲ್ಲದಿದ್ದರೆ ಮತ್ತದೇ ದೆವ್ವ. ಡಿಎಸ್3231ಗೆ ಕನಿಷ್ಠ 2.3 ವೋಲ್ಟ್ ಬೇಕು, ಹಾಗಾಗಿ ಎರಡು ಎಎ ಸೇರಿ 2.4ಕ್ಕೆ ಇಳಿದರೆ ಸೆಲ್ ಬದಲಿಸುವ ಸಮಯ.

ರೀಡ್ ಸ್ವಿಚ್ಚಿಗೆ ಚಿಪ್ಪಿನ ಒಳಗಿನ ಪುಲ್ ಅಪ್ (ಪಿನ್ನನ್ನು ಪ್ಲಸ್ ಕಡೆಗೆ ಎತ್ತಿ ಹಿಡಿಯುವ ರೆಸಿಸ್ಟರ್) ಬೇಡ. ತೊಟ್ಟಿಲು ಕಸ ಸಿಕ್ಕಿ ನಡುವೆ ನಿಂತರೆ ಸ್ವಿಚ್ ಮುಚ್ಚಿಯೇ ಇರುತ್ತದೆ, ನೂರು ಮೈಕ್ರೊಆಂಪ್ ಸುಮ್ಮನೆ ಹರಿಯುತ್ತದೆ. ಹೊರಗೆ 470 ಕಿಲೋಓಮ್ ಹಾಕಿದರೆ ಹತ್ತಕ್ಕಿಂತ ಕಮ್ಮಿ. ಅಂಗಳದಿಂದ ಬರುವ ಉದ್ದ ತಂತಿ ಗುಡುಗು ಸಿಡಿಲಿನ ಹೊಡೆತವನ್ನೂ ತರುತ್ತದೆ, ಪಿನ್‌ಗೆ ಮೊದಲು 10 ಕಿಲೋಓಮ್, ಒಂದು ಚಿಕ್ಕ ಸೆರಾಮಿಕ್ ಕೆಪಾಸಿಟರ್ ಇರಲಿ.

ಲೆಕ್ಕವನ್ನು ಪ್ರತಿ ಸಲ ಈಪ್ರಾಮ್‌ಗೆ ಬರೆಯಬೇಡಿ. ಅದರ ಆಯಸ್ಸು ಒಂದು ಜಾಗಕ್ಕೆ ಒಂದು ಲಕ್ಷ ಬರಹ. ವರ್ಷಕ್ಕೆ 4000 ಮಿಲಿಮೀಟರ್ ಮಳೆ ಅಂದರೆ 20,000 ಸಲ ಮಗುಚುವುದು, ಐದೇ ವರ್ಷದಲ್ಲಿ ಸವೆಯಿತು. ಬ್ಯಾಕಪ್ ಇದೆಯಲ್ಲ, ಲೆಕ್ಕ ರ್‍ಯಾಮ್‌ನಲ್ಲೇ ಇರಲಿ. ದಿನಕ್ಕೊಮ್ಮೆ ಬರೆದರೆ ಸಾಕು. ಬರೆಯುವಾಗ ಬ್ರೌನ್‌ಔಟ್ ಕಾವಲು (ವೋಲ್ಟ್ ತೀರಾ ಇಳಿದರೆ ಚಿಪ್ಪನ್ನು ನಿಲ್ಲಿಸುವ ಭಾಗ) 1.8 ವೋಲ್ಟ್‌ಗೆ ಆನ್ ಇರಲೇಬೇಕು, ಇಲ್ಲದಿದ್ದರೆ ವೋಲ್ಟ್ ಮೆಲ್ಲಗೆ ಸಾಯುವಾಗ ಚಿಪ್ ಏನೇನೋ ಗೀಚಿಬಿಡುತ್ತದೆ. ಆದರೆ ಆ ಕಾವಲುಗಾರ ತಾನೇ ಸುಮಾರು 20 ಮೈಕ್ರೊಆಂಪ್ ತಿನ್ನುತ್ತಾನೆ. 328ರ ಹೆಸರಿನ ಕೊನೆಯ ಪಿ ಇರುವ ಚಿಪ್ಪಿನಲ್ಲಿ ಮಲಗುವ ಮುನ್ನ ಅದನ್ನು ಪ್ರೋಗ್ರಾಮಿನಿಂದ ಆಫ್ ಮಾಡಬಹುದು, ಎದ್ದಾಗ ತಾನೇ ಆನ್ ಆಗುತ್ತದೆ.

ಲಿಥಿಯಂ ಬೇಕೇ ಬೇಕಾದರೆ

ವೈಫೈ ಅಥವಾ ಸಿಮ್ ಇರುವ ಡಬ್ಬಿಗೆ ಎಎ ಸೆಲ್ ಸಾಲದು. ಅಂಥ ಕಡೆ 18650 ಹಾಕಿ, ಆದರೆ ಟಿಪಿ4056 ಮಾಡ್ಯೂಲಿನ ಸ್ವಭಾವ ತಿಳಿದಿರಲಿ. ಸೆಲ್ಲಿಗೆ ಹೋಗುವ ಕರೆಂಟ್ ಹತ್ತನೇ ಒಂದು ಭಾಗಕ್ಕೆ ಇಳಿದರೆ ತುಂಬಿತು ಅಂತ ಅದು ಚಾರ್ಜ್ ನಿಲ್ಲಿಸುತ್ತದೆ. ನಿಮ್ಮ ಸರ್ಕ್ಯೂಟನ್ನೂ ಸೆಲ್ಲಿಗೇ ಕಟ್ಟಿದ್ದರೆ ಅದು ಎಳೆಯುವ ಕರೆಂಟೂ ಲೆಕ್ಕಕ್ಕೆ ಸೇರಿ, ಸೆಲ್ ತುಂಬಿದರೂ ಚಾರ್ಜ್ ನಿಲ್ಲದೆ ಹೋಗಬಹುದು. ಚಾರ್ಜರ್ ಇದ್ದಾಗ ಸರ್ಕ್ಯೂಟ್ ಸೆಲ್ಲನ್ನು ಮುಟ್ಟದ ಹಾಗೆ, ಮೇಲೆ ಹೇಳಿದ ಅದೇ ಡಯೋಡ್ ಮತ್ತು ಮಾಸ್ಫೆಟ್ ಜೋಡಿ ಹಾಕಿ. ಮಾಡ್ಯೂಲಿನ 1.2 ಕಿಲೋಓಮ್ ರೆಸಿಸ್ಟರ್ 1 ಆಂಪ್ ಚಾರ್ಜ್ ಕೊಡುತ್ತದೆ. ಬ್ಯಾಕಪ್‌ಗೆ ಅಷ್ಟು ಆತುರ ಯಾಕೆ? 10 ಕಿಲೋಓಮ್ ಹಾಕಿದರೆ 130 ಮಿಲಿಆಂಪ್, ಏನೂ ಬಿಸಿಯಾಗುವುದಿಲ್ಲ. 9800 ಅಂತ ಮೇಲೆ ಬರೆದ ಅಗ್ಗದ ಸೆಲ್ ಬೇಡ. ಆ ಅಳತೆಯ ಸೆಲ್ಲಿನಲ್ಲಿ ಅಷ್ಟು ತುಂಬಲು ಸಾಧ್ಯವೇ ಇಲ್ಲ.

ಪರೀಕ್ಷೆ ಮತ್ತು ಮಳೆಗಾಲ

ಡಬ್ಬಿ ಮುಚ್ಚುವ ಮೊದಲು ಪ್ಲಗ್ಗನ್ನು ನೂರು ಸಲ ಕಿತ್ತು ಹಾಕಿ. ನಿಜವಾಗಿ ನೂರು. ಚಿಪ್ ಎದ್ದಾಗ ರೀಸೆಟ್ಟಿನ ಕಾರಣ ಬರೆದಿಡುವ ರಿಜಿಸ್ಟರ್ ಒಂದಿದೆ, ಅದನ್ನು ಓದಿ ಎಣಿಸುವ ಎರಡು ಸಾಲು ಪ್ರೋಗ್ರಾಮಿನಲ್ಲಿ ಇರಲಿ. ನೂರು ಸಲಕ್ಕೆ ಒಂದು ರೀಸೆಟ್ ಬಂದರೂ ಎಲ್ಲೋ ತಪ್ಪಿದೆ. ನನ್ನದರಲ್ಲಿ ಮೂರು ಬಂತು. ಸೆಲ್ ಹೋಲ್ಡರಿನ ಸ್ಪ್ರಿಂಗ್ ಸಡಿಲ ಇತ್ತು, ಸರ್ಕ್ಯೂಟ್ ಸರಿ ಇತ್ತು.

ಆಮೇಲೆ ಮಲೆನಾಡಿನ ತೇವ. ಜುಲೈನಲ್ಲಿ ಊರಿಗೆ ಹೋಗಿ ಅಳೆದರೆ 6 ಇದ್ದದ್ದು 40 ಮೈಕ್ರೊಆಂಪ್ ಆಗಿತ್ತು. ಬೋರ್ಡಿನ ಮೇಲೆ ಉಳಿದ ಸೋಲ್ಡರ್ ಫ್ಲಕ್ಸ್ ನೀರು ಹೀರಿ ಕರೆಂಟ್ ಹರಿಸುತ್ತಿತ್ತು. ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಹಳೆ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದೆ, ಒಲೆಯ ಹತ್ತಿರ ಒಣಗಿಸಿದೆ, ತಂಗಿಯ ಬಣ್ಣವಿಲ್ಲದ ಉಗುರು ಬಣ್ಣ ಎರಡು ಸಲ ಬಳಿದೆ. 7ಕ್ಕೆ ಇಳಿಯಿತು. ನಿಜ ಹೇಳಬೇಕೆಂದರೆ 40 ಇದ್ದರೂ ಸೆಲ್ ಐದು ವರ್ಷ ಬರುತ್ತಿತ್ತು. ಆದರೂ ಸುಮ್ಮನೆ ಬಿಡಲು ಮನಸ್ಸು ಬರಲಿಲ್ಲ. ತಂತಿ ಒಳಬರುವ ತೂತಿಗೆ ಮೇಣ ತುಂಬಿ, ಇಲ್ಲದಿದ್ದರೆ ಇರುವೆ ಸಂಸಾರ ಹೂಡುತ್ತದೆ.

ಸೆಲ್ಲನ್ನು ಪ್ರತಿ ವರ್ಷ ಮೇ ತಿಂಗಳಲ್ಲಿ, ಮಾಡಿನ ದೋಣಿ ಚೊಕ್ಕ ಮಾಡುವ ದಿನವೇ, ಬದಲಿಸುತ್ತೇವೆ. ಮುಗಿಯಿತು ಅಂತ ಅಲ್ಲ, ಹಳೆ ಆಲ್ಕಲೈನ್ ಸೋರಿ ಹೋಲ್ಡರ್ ತಿಂದುಹಾಕುತ್ತದೆ ಅಂತ. ತೆಗೆದ ಸೆಲ್ ಗೋಡೆ ಗಡಿಯಾರಕ್ಕೆ ಹೋಗುತ್ತದೆ. ಬದಲಿಸುವಾಗ ಕರೆಂಟ್ ಇದ್ದರೆ ಚಿಂತೆ ಇಲ್ಲ. ಇಲ್ಲದಿದ್ದರೂ 1000 ಮೈಕ್ರೊಫ್ಯಾರಡ್ ಕೆಪಾಸಿಟರ್ 3ರಿಂದ 2 ವೋಲ್ಟ್‌ಗೆ ಇಳಿಯಲು, 10 ಮೈಕ್ರೊಆಂಪ್‌ನಲ್ಲಿ, ನೂರು ಸೆಕೆಂಡ್ ಬೇಕು. ಅಪ್ಪನಿಗೆ ನಾನು ಅರ್ಧ ನಿಮಿಷ ಅಂತ ಹೇಳಿದ್ದೇನೆ. ಮುಚ್ಚಳದ ಒಳಗೆ ಅವರೇ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದಾರೆ: ಮೊದಲು ಹೊಸ ಸೆಲ್ ಕೈಯಲ್ಲಿ ಇಟ್ಟುಕೊಳ್ಳುವುದು, ಆಮೇಲೆ ಹಳತು ತೆಗೆಯುವುದು.